ಪಂಪ್‌ಸೆಟ್ ಮನೆ ಬಾಗಿಲ ಮೇಲಿನ ಲೆಕ್ಕ

ದ್ವಿತೀಯ ಪಿಯುಸಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೂ ಕೇಳೇ ಕೇಳುತ್ತಾರೆ. "ಮೇಡಂ, ಎಕ್ಸ್‌ಟ್ರಾಪೊಲೇಟ್ ಮಾಡೋದು ಅಂದ್ರೆ ಊಹೆ ಮಾಡೋದೇ ಅಲ್ವಾ?"

ಅಲ್ಲ. ಊಹಿಸೋಕೆ ಅಂಕಿ ಬೇಕಾಗಿಲ್ಲ. ಅಂದಾಜಿಸು ಅನ್ನೋದು ಸ್ವಲ್ಪ ಹತ್ತಿರದ ಪದ. ಆದರೆ ಮೆಕ್ಕೆಜೋಳದ ರಾಶಿ ನೋಡಿ ಇಷ್ಟು ಕ್ವಿಂಟಾಲ್ ಇರಬಹುದು ಅನ್ನುವುದೂ ಅಂದಾಜೇ. ರಾಶಿ ಕಣ್ಣೆದುರಿಗೇ ಇದೆ. ಎಕ್ಸ್‌ಟ್ರಾಪೊಲೇಟ್ ಮಾಡುವಾಗ ಎದುರಿಗೆ ಏನೂ ಇರುವುದಿಲ್ಲ. ಕೈಯಲ್ಲಿರುವ ಅಂಕಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆಗೆ ಅದೇ ಜಾಡು ಹಿಡಿದು ಹೋಗಬೇಕು. 1991, 2001, 2011ರ ಜನಗಣತಿ ಇಟ್ಟುಕೊಂಡು 2006ರ ಜನಸಂಖ್ಯೆ ತೆಗೆದರೆ ಅದು ಇಂಟರ್‌ಪೊಲೇಟ್. 2021ರದ್ದಾದರೆ ಎಕ್ಸ್‌ಟ್ರಾಪೊಲೇಟ್. ಆ ವರ್ಷ ಗಣತಿ ನಡೆಯಲೇ ಇಲ್ಲವಲ್ಲ, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ.

ಈ ಪದ ನನಗೆ ನಿಜವಾಗಿ ಅರ್ಥವಾದದ್ದು ಹಿರಿಯೂರು ಕಡೆಯ ನಮ್ಮ ತೋಟದಲ್ಲಿ. ಪಂಪ್‌ಸೆಟ್ ಮನೆ ಬಾಗಿಲ ಒಳಗಡೆ ಅಪ್ಪ ಬೋರ್ ಹಾಕಿಸಿದ ವರ್ಷ, ಆಳ ಎಲ್ಲವನ್ನೂ ಕೆಂಪು ಪೇಂಟಿನಲ್ಲಿ ಬರೆದಿದ್ದರು. 1999, 210 ಅಡಿ. 2006, 380. 2013, 560. 2016ರಲ್ಲಿ ತೆಂಗಿನ ಮರಗಳ ಸುಳಿ ಒಣಗತೊಡಗಿದಾಗ ನಾನೇ ಲೆಕ್ಕ ಹಾಕಿದೆ. "2020ಕ್ಕೆ 740 ಅಡಿ ಆಗುತ್ತೆ ಅಪ್ಪಾಜಿ. ತೋಟ ಬಿಟ್ಟುಬಿಡೋಣ."

"ಮಾರಿಕಣಿವೆ ತುಂಬಿದ್ರೆ?" ಅಂದರು ಅಪ್ಪ.

ನನಗೆ ಸಿಟ್ಟು ಬಂತು. ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು ಅಲ್ಲಿಯವರೆಗೆ ಕೋಡಿ ಬಿದ್ದದ್ದು ಒಂದೇ ಸಲ, 1933ರಲ್ಲಿ. ಅಷ್ಟೂ ವರ್ಷಗಳ ಅಂಕಿ ನನ್ನ ಕಡೆಗಿತ್ತು.

ಆಮೇಲೆ ಒಳ್ಳೆ ಮಳೆಯಾಯಿತು. ಹೊಸ ಯೋಜನೆಯಲ್ಲಿ ಭದ್ರಾ ಜಲಾಶಯದ ನೀರೂ ಬಂದು ಮಾರಿಕಣಿವೆಗೆ ಸೇರಿತು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ನಂತರ, ಕೋಡಿ ಬಿತ್ತು. ಅಪ್ಪನ ಕೈ ಹಿಡಿದು ನೋಡಲು ಹೋಗಿದ್ದೆ. ಅವರು ಮಾತಾಡಲಿಲ್ಲ, ನೀರಿಗೆ ಕೈ ಮುಗಿದರು. ಬತ್ತಿತೆಂದು ಚಪ್ಪಡಿ ಮುಚ್ಚಿದ್ದ 380 ಅಡಿ ಬೋರಿನಲ್ಲಿ ಮತ್ತೆ ನೀರು ಬಂತು.

ನನ್ನ ಕೂಡುವ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಈ ಪಾಠಕ್ಕೆ ಎರಡು ಷರತ್ತಿವೆ: ಅಂಕಿಗಳಲ್ಲಿ ದಿಢೀರ್ ಏರಿಳಿತ ಇರಬಾರದು, ಏರಿಕೆಯೋ ಇಳಿಕೆಯೋ ಒಂದೇ ಸಮ ಇರಬೇಕು. ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ ನಾನು ಮನೆಯಲ್ಲಿ ಅದನ್ನೇ ಮರೆತಿದ್ದೆ. ಬಾಗಿಲ ಮೇಲಿನ ಮೂರು ಅಂಕಿಗಳಲ್ಲಿ ಭದ್ರಾ ನೀರು ಎಲ್ಲಿತ್ತು?

ಈಗ ಬೋರ್ಡಿನ ಮೇಲೆ ಮೊದಲು ಆ ಷರತ್ತು ಬರೆಯುತ್ತೇನೆ, ಸೂತ್ರ ಆಮೇಲೆ. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಬಾಗಿಲಲ್ಲಿ 2013ರ ಕೆಳಗೆ ಅಪ್ಪ ಇನ್ನೂ ಏನೂ ಬರೆದಿಲ್ಲ.