ಗಿಡದ ಟ್ಯಾಂಕಿಗೆ ಬಣ್ಣದ ಮೀನು: ನನ್ನ ಓಟು ಪರ್ಲ್ ಗುರಾಮಿಗೆ

ಗಿಡ ಚೆನ್ನಾಗಿ ಹಬ್ಬಿರೋ ಕಮ್ಯುನಿಟಿ ಟ್ಯಾಂಕಿಗೆ, ಅಂದ್ರೆ ಬೇರೆ ಬೇರೆ ಜಾತಿ ಮೀನು ಒಟ್ಟಿಗಿರೋ ಅಕ್ವೇರಿಯಂಗೆ, ಒಂದು ಸೆಂಟರ್‌ಪೀಸ್ ಮೀನು ಹುಡುಕೋರು ಮುಕ್ಕಾಲು ಪಾಲು ಜನ ಬಣ್ಣದಿಂದಾನೇ ಶುರು ಮಾಡ್ತಾರೆ. ಮೇಲೆ ರಾಸ್ಬೋರಾನೋ ಟೆಟ್ರಾನೋ ಗುಂಪಾಗಿ ಓಡಾಡ್ತಿರುತ್ತೆ, ಕೆಳಗೆ ಕೋರಿಗಳು ಮರಳು ಕೆದಕ್ತಿರ್ತವೆ, ಇನ್ನು ನಡುವೆ ಕಣ್ಣು ನಿಲ್ಲೋ ಹಾಗೆ ಒಂದು ದೊಡ್ಡ ಮೀನು ಬೇಕು ಅನ್ಸುತ್ತೆ, ಅಂಗಡಿಗೆ ಹೋಗಿ ಯಾವುದು ಜಾಸ್ತಿ ಮಿಂಚ್ತಿದ್ಯೋ ಅದನ್ನ ಕವರಲ್ಲಿ ಹಾಕಿಸ್ಕೊಂಡು ಬರ್ತಾರೆ. ನಾನು ಹೇಳೋದು ಉಲ್ಟಾ. ನಿಮ್ಮನೆ ನೀರು ಎಂಥದ್ದು, ಚಳಿಗಾಲದಲ್ಲಿ ಟ್ಯಾಂಕ್ ಎಷ್ಟು ತಣ್ಣಗಾಗುತ್ತೆ, ಟ್ಯಾಂಕ್ ಎಷ್ಟುದ್ದ ಇದೆ, ಇಷ್ಟು ನೋಡ್ಕೊಂಡು ಅದಕ್ಕೆ ಒಗ್ಗೋ ಮೀನು ತನ್ನಿ, ಬಣ್ಣ ತಾನಾಗೇ ಬರುತ್ತೆ. ಒಗ್ಗದ ಮೀನು ಎಷ್ಟೇ ಬಣ್ಣದ್ದಾದ್ರೂ ಮೂಲೆಲಿ ಫಿಲ್ಟರ್ ಹಿಂದೆ ಮಸುಕಾಗಿ ನಿಂತಿರುತ್ತೆ.

ಯಾಕಂದ್ರೆ ಮೀನಿನ ಬಣ್ಣ ಅನ್ನೋದು ಗೋಡೆಗೆ ಹೊಡೆದ ಪೇಂಟ್ ಅಲ್ಲ. ಕೆಂಪು, ಕಿತ್ತಳೆ, ಹಳದಿ ಇವೆಲ್ಲ ಬಹುಪಾಲು ಬರೋದು ಕೆರೋಟಿನಾಯ್ಡ್‌ ಅನ್ನೋ ಬಣ್ಣದ ವಸ್ತುಗಳಿಂದ, ಅದನ್ನ ಮೀನು ತನ್ನ ಮೈಯಲ್ಲಿ ತಯಾರಿಸ್ಕೊಳ್ಳೋಕೆ ಆಗಲ್ಲ, ತಿನ್ನೋದ್ರಿಂದಾನೇ ಸಿಗ್ಬೇಕು. ನೀಲಿ ಹೊಳಪು ಬೇರೆ ಕಥೆ, ಅದು ಚರ್ಮದ ಜೀವಕೋಶಗಳಲ್ಲಿರೋ ಗ್ವಾನಿನ್ ಹರಳುಗಳು ಬೆಳಕನ್ನ ವಾಪಸ್ ಎಸೆಯೋದ್ರಿಂದ ಕಾಣೋದು. ಇನ್ನು ಹೆದರಿದ ಮೀನು, ಕಾಯಿಲೆ ಮೀನು, ರಾತ್ರಿ ನಿದ್ದೆಲಿರೋ ಮೀನು ಎಲ್ಲ ಬಿಳಚಿಕೊಳ್ತವೆ. ಅಂಗಡಿಲಿ ಖಾಲಿ ಗಾಜಿನ ತೊಟ್ಟಿ, ಕೆಳಗೆ ಬಿಳಿ ತಳ, ಮೇಲೆ ಗುಲಾಬಿ ನೀಲಿ ಲೈಟು, ಅಲ್ಲಿ ಕಾಣೋ ಬಣ್ಣಾನ ನಂಬಿ ಒಳ್ಳೇ ಮೀನನ್ನ ಬಿಟ್ಟು ಬರೋದೂ ಉಂಟು, ಕೆಟ್ಟದ್ದನ್ನ ಹೊತ್ಕೊಂಡು ಬರೋದೂ ಉಂಟು. ಕಪ್ಪು ಅಥವಾ ಗಾಢ ಕಂದು ತಳ, ಹಿಂದೆ ಒತ್ತಾಗಿ ಗಿಡ, ಮೇಲೆ ಒಂದಿಷ್ಟು ತೇಲೋ ಗಿಡದ ನೆರಳು ಇದ್ರೆ ಅದೇ ಮೀನು ಗುರುತೇ ಸಿಗದಷ್ಟು ಬದಲಾಗುತ್ತೆ.

ಬೆಂಗಳೂರಲ್ಲಿ ನೀರಿನ ವಿಷ್ಯ ಮೊದಲು ಬಗೆಹರಿಸ್ಕೊಳ್ಳಿ. ಕಾವೇರಿ ನೀರು ಬರೋ ಮನೆಗೂ ಬೋರ್ ನೀರಿನ ಮನೆಗೂ ಅಜಗಜಾಂತರ. ಕಾವೇರಿ ನೀರು ತಕ್ಕಮಟ್ಟಿಗೆ ಸಾಫ್ಟು, ಅಂದ್ರೆ ಗಡಸಲ್ಲ, ಆದ್ರೆ ಕ್ಲೋರಿನ್ ಇರುತ್ತೆ, ಅದನ್ನ ತೆಗೆಯೋ ಡಿಕ್ಲೋರಿನೇಟರ್ ಹಾಕ್ದೆ ಟ್ಯಾಂಕಿಗೆ ಬಿಡ್ಬಾರ್ದು. ಬೋರ್ ನೀರು ಗಡಸು, ಬಕೆಟ್ಟಿಗೆ ನಲ್ಲಿಗೆ ಬಿಳಿ ಪೊರೆ ಕಟ್ಟೋದು ನೋಡಿದ್ರೇ ಗೊತ್ತಾಗುತ್ತೆ. ಟ್ಯಾಂಕರ್ ನೀರಾದ್ರೆ ಇವತ್ತೊಂಥರ ನಾಳೆ ಒಂಥರ. ನೀರಲ್ಲಿ ಕರಗಿರೋ ಲವಣ ಎಷ್ಟಿದೆ ಅಂತ ತೋರ್ಸೋ ಒಂದು ಟಿಡಿಎಸ್ ಮೀಟರ್ ಇಟ್ಕೊಳ್ಳಿ, ಅದು ಪೂರ್ತಿ ಚಿತ್ರ ಕೊಡಲ್ಲ ಆದ್ರೂ ಅಂದಾಜಿಗೆ ಸಾಕು. ಇನ್ನು ಡಿಸೆಂಬರ್ ಜನವರಿಲಿ ಹೀಟರ್ ಇಲ್ದಿದ್ರೆ ಇಲ್ಲಿ ಟ್ಯಾಂಕಿನ ನೀರು 20, 21 ಡಿಗ್ರಿಗೆ ಇಳಿಯುತ್ತೆ. ಮಂಗಳೂರು ಉಡುಪಿ ಕಡೆಯವ್ರಿಗೆ ಚಳಿ ಚಿಂತೆ ಕಮ್ಮಿ, ಅವ್ರಿಗೆ ಏಪ್ರಿಲ್ ಮೇ ಸೆಖೆ ಚಿಂತೆ.

ಈಗ ಮೀನಿಗೆ ಬರೋಣ. ಎಲ್ರ ಕಣ್ಣೂ ಮೊದಲು ಹೋಗೋದು ರ‍್ಯಾಮ್ ಮೇಲೆ, ಅದರಲ್ಲೂ ಎಲೆಕ್ಟ್ರಿಕ್ ಬ್ಲೂ ಅನ್ನೋ ಅದರ ತಳಿ ಮೇಲೆ. ಐದು ಸೆಂಟಿಮೀಟರ್ ಮೀನು, ಹಳದಿ ಮುಖ, ಕೆಂಪು ಕಣ್ಣು, ಮೈ ತುಂಬ ನೀಲಿ, ನಿಜವಾಗ್ಲೂ ಬಹಳ ಚೆಂದ. ಆದ್ರೆ ಇದು ವೆನೆಜುವೆಲಾ ಕೊಲಂಬಿಯಾ ಕಡೆ ಒರಿನೋಕೊ ಬಯಲಿನ ಬೆಚ್ಚಗಿನ ಸಾಫ್ಟ್ ನೀರಿನ ಮೀನು, 27ರಿಂದ 30 ಡಿಗ್ರಿ ಕೇಳುತ್ತೆ. ಆ ಶಾಖದಲ್ಲಿ ನಿಯಾನ್ ಟೆಟ್ರಾ ಸುಖವಾಗಿರಲ್ಲ, ಪೆಪ್ಪರ್ಡ್ ಕೋರಿ ಅಂತೂ ಬೇಡವೇ ಬೇಡ, ಎಷ್ಟೋ ಗಿಡಗಳೂ ಸೊರಗ್ತವೆ. ಅಂದ್ರೆ ರ‍್ಯಾಮ್ ಬೇಕು ಅಂದ್ರೆ ಇಡೀ ಟ್ಯಾಂಕನ್ನ ಅದರ ಸುತ್ತಲೇ ಕಟ್ಬೇಕು, ನಿಯಾನ್ ಬದಲು ಕಾರ್ಡಿನಲ್ ಟೆಟ್ರಾ, ಕೋರಿಗಳಲ್ಲಿ ಸ್ಟರ್ಬಾಯ್. ಮೊದಲಿಂದ್ಲೇ ಹಾಗೆ ಪ್ಲಾನ್ ಮಾಡೋರಿಗೆ ನಾನು ಬೇಡ ಅನ್ನಲ್ಲ. ಇರೋ ಟ್ಯಾಂಕಿಗೆ ಒಂದು ಜೋಡಿ ಬಿಡೋಣ ಅನ್ನೋರಿಗೆ ಮಾತ್ರ ಬೇಡ ಅಂತೀನಿ, ಎಲ್ಲಾ ಅನುಕೂಲ ಇದ್ರೂ ಅದು ಬದುಕೋದು ಎರಡು ಮೂರು ವರ್ಷ.

ಏಂಜಲ್ ಫಿಶ್ ಬಗ್ಗೆ ಜಾಸ್ತಿ ಹೇಳಲ್ಲ. ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದ್ರೆ ಅದಕ್ಕಿಂತ ಗಂಭೀರವಾದ ಮೀನಿಲ್ಲ, ಆದ್ರೆ ಚಿಕ್ಕದಿದ್ದಾಗ ನಿಯಾನ್ ಜೊತೆ ಆಡ್ಕೊಂಡಿದ್ದು ದೊಡ್ಡದಾದ್ಮೇಲೆ ಅದೇ ನಿಯಾನನ್ನ ನುಂಗುತ್ತೆ, ಜೋಡಿ ಕೂತು ಮೊಟ್ಟೆ ಇಟ್ರೆ ಅರ್ಧ ಟ್ಯಾಂಕ್ ತಮ್ಮದು ಅಂತ ಉಳಿದವ್ರನ್ನೆಲ್ಲ ಓಡಿಸುತ್ತೆ. ಸಣ್ಣ ಮೀನಿರೋ ಟ್ಯಾಂಕಿಗೆ ನಾನು ಹಾಕಲ್ಲ.

ಡ್ವಾರ್ಫ್ ಗುರಾಮಿ ಬಗ್ಗೆ ಮಾತ್ರ ಹೇಳ್ಲೇಬೇಕು, ಯಾಕಂದ್ರೆ ಹೊಸಬರಿಗೆ ಅಂಗಡಿಯವ್ರು ಮೊದಲು ತೋರಿಸೋದೇ ಅದನ್ನ. ಕೆಂಪು ಮೈ ಮೇಲೆ ನೀಲಿ ಓರೆ ಪಟ್ಟೆ, ಅಂಗೈ ಅಗಲದ ಜಾಗದಲ್ಲಿ ಅಷ್ಟು ಬಣ್ಣ ಬೇರೆ ಯಾವುದ್ರಲ್ಲೂ ಸಿಗಲ್ಲ. ಸಮಸ್ಯೆ ಏನಂದ್ರೆ ಫಾರಂಗಳಲ್ಲಿ ಸಾಕಿದ ಈ ಮೀನಲ್ಲಿ ಇರಿಡೋವೈರಸ್ ಅನ್ನೋ ಕಾಯಿಲೆ ಸೇರ್ಕೊಂಡಿದೆ, ಔಷಧಿ ಇಲ್ಲ. ತಂದಾಗ ಚೆನ್ನಾಗೇ ಇರುತ್ತೆ, ಆಮೇಲೆ ಬಣ್ಣ ಇಳಿಯುತ್ತೆ, ಊಟ ಬಿಡುತ್ತೆ, ಮೈ ಮೇಲೆ ಹುಣ್ಣು, ಹೊಟ್ಟೆ ಊದ್ಕೊಳ್ಳುತ್ತೆ, ಅಷ್ಟೇ. ಎಲ್ಲಾ ಮೀನೂ ಹಾಗಾಗುತ್ತೆ ಅಂತಲ್ಲ, ಗಟ್ಟಿಮುಟ್ಟಾಗಿ ಬದುಕಿರೋದೂ ಇವೆ, ಆದ್ರೆ ಟ್ಯಾಂಕಿನ ಮುಖ್ಯ ಮೀನು ಅಂತ ಮಗು ಹೆಸರಿಟ್ಟು ಕರೆಯೋ ಮೀನು ಹೀಗೆ ಹೋಗೋದು ಬೇಡ. ಅದೂ ಅಲ್ದೆ ಸಣ್ಣ ಟ್ಯಾಂಕಲ್ಲಿ ಎರಡು ಗಂಡು ಬಿಟ್ರೆ ಒಂದು ಇನ್ನೊಂದನ್ನ ನೆಮ್ಮದಿಯಾಗಿರೋಕೆ ಬಿಡಲ್ಲ.

ಮೂರಡಿ ಟ್ಯಾಂಕ್ ಇರೋರಿಗೆ ನಾನು ಕಣ್ಮುಚ್ಚಿ ಹೇಳೋದು ಪರ್ಲ್ ಗುರಾಮಿ. ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ ಅಂದ್ರೆ 190 ಲೀಟರ್ ಆಸುಪಾಸು, ಅದರಲ್ಲಿ ಒಂದು ಗಂಡು ಎರಡು ಹೆಣ್ಣು ಆರಾಮಾಗಿರ್ತವೆ. ಇದು ಮಲೇಷ್ಯಾ, ಸುಮಾತ್ರಾ, ಬೋರ್ನಿಯೊ ಕಡೆ ಗಿಡ ತುಂಬಿದ ನಿಧಾನ ನೀರಿನ ಮೀನು, ಸುಮಾರು 12 ಸೆಂಟಿಮೀಟರ್ ಬೆಳೆಯುತ್ತೆ. ಹುಟ್ಟೂರಲ್ಲಿ ಹುಳಿ ನೀರಲ್ಲಿದ್ರೂ ಪಿಎಚ್ 6ರಿಂದ 8ರ ತನಕ ಹೊಂದ್ಕೊಳ್ಳುತ್ತೆ, ಕಾವೇರಿ ನೀರಿಗೂ ಸೈ, ಸಾಫ್ಟ್ ನೀರು ಮಿಕ್ಸ್ ಮಾಡಿದ ಬೋರ್ ನೀರಿಗೂ ಸೈ. ಶಾಖ 24ರಿಂದ 28, ಅಂದ್ರೆ ನಿಮ್ಮ ಟೆಟ್ರಾ, ರಾಸ್ಬೋರಾ, ಕೋರಿಗಳಿಗೂ ಗಿಡಕ್ಕೂ ಒಪ್ಪೋ ಶಾಖ. ಚಳಿಗಾಲಕ್ಕೆ ಹೀಟರ್ 25ಕ್ಕೆ ಇಟ್ರೆ ಸಾಕು.

ಅಂಗಡಿಲಿ ನೋಡಿದ್ರೆ ಏನಪ್ಪಾ ಇದು ಬೂದು ಮೀನು ಅನ್ಸುತ್ತೆ. ಮನೆಗೆ ತಂದು ಗಿಡದ ಮಧ್ಯ ಒಂದಿಷ್ಟು ವಾರ ಕಳೀಲಿ, ಆಗ ನೋಡಿ. ಮೈ ಪೂರ್ತಿ, ರೆಕ್ಕೆ ತುದಿ ತನಕ, ಮುತ್ತು ಪೋಣಿಸಿದ ಹಾಗೆ ಬಿಳಿ ಚುಕ್ಕೆ, ಬಾಯಿಂದ ಬಾಲದ ಬುಡದವರೆಗೆ ಒಂದು ಕಪ್ಪು ಗೆರೆ, ಓರೆ ಬೆಳಕು ಬಿದ್ರೆ ನೇರಳೆ ಛಾಯೆ. ಗಂಡಿಗೆ ಗಂಟಲಿಂದ ಎದೆ ಪೂರ್ತಿ ಕಿತ್ತಳೆ ಕೆಂಪು, ಬೆನ್ನ ಮೇಲಿನ ರೆಕ್ಕೆ ಉದ್ದವಾಗಿ ಚೂಪಾಗಿರುತ್ತೆ, ಹೆಣ್ಣಿಗೆ ಚಿಕ್ಕದಾಗಿ ದುಂಡಗೆ. ಎದೆ ಕೆಳಗೆ ದಾರದ ಹಾಗೆ ಎರಡು ಉದ್ದ ರೆಕ್ಕೆ ಇರುತ್ತೆ, ಅದನ್ನ ಮುಂದಕ್ಕೆ ಚಾಚಿ ಜಾವಾ ಫರ್ನ್ ಎಲೆ ಮುಟ್ಟಿ ನೋಡುತ್ತೆ, ಹಿಂದಕ್ಕೆ ಎಳ್ಕೊಳ್ಳುತ್ತೆ, ಪಕ್ಕದ ಎಲೆ ಮುಟ್ಟುತ್ತೆ, ಹೊಸ ಗಿಡ ಇಟ್ರೆ ಮೂರೂ ಸಾಲಾಗಿ ಬಂದು ತಡವಿ ನೋಡ್ತವೆ. ಆ ದಾರಗಳಲ್ಲಿ ರುಚಿ ನೋಡೋ ಶಕ್ತಿ ಇರುತ್ತೆ. ನಾನು ಗಂಟೆಗಟ್ಲೆ ಕೂತು ನೋಡೋದು ಇದನ್ನೇ, ಬಣ್ಣಕ್ಕಿಂತ ಈ ನಡವಳಿಕೆನೇ ಟ್ಯಾಂಕಿನ ಮಧ್ಯ ಕಣ್ಣು ನಿಲ್ಲಿಸೋದು.

ಗುರಾಮಿಗಳು ಕಿವಿರಲ್ಲದೆ ಮೇಲೆ ಬಂದು ಗಾಳಿನೂ ಉಸಿರಾಡ್ತವೆ, ತಲೆಯೊಳಗೆ ಲ್ಯಾಬಿರಿಂತ್ ಅನ್ನೋ ಅಂಗ ಇದೆ. ಹಾಗಾಗಿ ಟ್ಯಾಂಕಿಗೆ ಮುಚ್ಚಳ ಇರ್ಲಿ, ನೀರಿನ ಮೇಲಿನ ಗಾಳಿ ಬೆಚ್ಚಗಿರ್ಬೇಕು, ಜೊತೆಗೆ ಹೆದರಿದ್ರೆ ಹಾರೋ ಮೀನು ಇದು. ಫಿಲ್ಟರ್ ಜೋರಾಗಿ ನೀರು ತಳ್ಳೋದನ್ನ ತಗ್ಗಿಸಿ, ಔಟ್‌ಲೆಟ್ ಗೋಡೆ ಕಡೆ ತಿರುಗ್ಸಿದ್ರೂ ಆಯ್ತು. ಮೇಲ್ಮೈ ಶಾಂತವಾಗಿದ್ದು ತೇಲೋ ಗಿಡ ಇದ್ರೆ ಗಂಡು ಗುಳ್ಳೆ ಗೂಡು ಕಟ್ಟುತ್ತೆ, ಆಗ ಎದೆ ಕೆಂಪು ಉರಿಯೋ ಹಾಗೆ ಕಾಣುತ್ತೆ, ಗೂಡಿನ ಹತ್ರ ಬಂದವ್ರನ್ನ ಒಂದಡಿ ದೂರ ಅಟ್ಟಿ ವಾಪಸ್ ಬರುತ್ತೆ, ಅಷ್ಟೇ ಅದರ ಜಗಳ. ಟೈಗರ್ ಬಾರ್ಬ್, ಸರ್ಪೇ ಟೆಟ್ರಾ ಇರೋ ಟ್ಯಾಂಕಿಗೆ ಮಾತ್ರ ಬಿಡ್ಬೇಡಿ, ಆ ದಾರದ ರೆಕ್ಕೆ ಕಚ್ಚಿ ಕಚ್ಚಿ ಮೊಂಡ ಮಾಡ್ತವೆ. ಚೆರ್ರಿ ಶ್ರಿಂಪ್ ಅನ್ನೋ ಸಣ್ಣ ಸಿಗಡಿ ಸಾಕ್ತಿರೋರು ಮರಿಗಳ ಆಸೆ ಬಿಡ್ಬೇಕಾಗುತ್ತೆ, ಗುರಾಮಿ ತಿಂದ್ಬಿಡುತ್ತೆ.

ಎರಡಡಿ ಟ್ಯಾಂಕ್ ಇರೋರಿಗೆ ಪರ್ಲ್ ಬೇಡ, ಹನಿ ಗುರಾಮಿ ಇದೆ. ಐದು ಸೆಂಟಿಮೀಟರ್, ಸಾಧು, ಡ್ವಾರ್ಫ್ ಗುರಾಮಿಗಿಂತ ಕಾಯಿಲೆ ಕಾಟ ಕಮ್ಮಿ, ಗಂಡು ಗೂಡು ಕಟ್ಟೋ ಕಾಲಕ್ಕೆ ಜೇನಿನ ಬಣ್ಣ ತಾಳಿ ಮುಖದ ಕೆಳಗಿಂದ ಹೊಟ್ಟೆವರೆಗೆ ಕಪ್ಪು ನೀಲಿ ಆಗುತ್ತೆ. ಇದು ನಮ್ಮ ದೇಶದ್ದೇ, ಗಂಗಾ ಬ್ರಹ್ಮಪುತ್ರಾ ಬಯಲಿಂದು. ಇದನ್ನೂ ಡ್ವಾರ್ಫ್ ಗುರಾಮಿನೂ 1822ರಲ್ಲಿ ಮೊದಲು ವರ್ಣಿಸಿದ್ದು ಫ್ರಾನ್ಸಿಸ್ ಹ್ಯಾಮಿಲ್ಟನ್, ಟಿಪ್ಪು ಸತ್ತ ಮಾರನೇ ವರ್ಷ 1800ರಲ್ಲಿ ಹೊರಟು ಮೈಸೂರು, ಕೆನರಾ ಸೀಮೆ ಪೂರ್ತಿ ತಿರುಗಿ ಬರೆದಿಟ್ಟ ಬುಕಾನನ್ ಇದಾನಲ್ಲ, ಅವನೇ, ಆಮೇಲೆ ಹೆಸರು ಬದಲಾಯಿಸ್ಕೊಂಡ. ನಮ್ಮೂರ ಇತಿಹಾಸ ಓದೋರಿಗೆ ಪರಿಚಯದ ಮನುಷ್ಯ ಮೀನಿನ ಹೆಸರಿನ ಹಿಂದೆ ನಿಂತಿರೋದು ನಂಗೆ ಬಹಳ ಖುಷಿ ಕೊಟ್ಟ ವಿಷ್ಯ.

ನೀರು ಪೂರ್ತಿ ಬೋರು, ಗಡಸು, ಟ್ಯಾಂಕ್ ನಾಲ್ಕಡಿ ಅನ್ನೋರಿಗೆ ನನ್ನ ಆಯ್ಕೆ ಬೋಸ್‌ಮನಿ ರೇನ್‌ಬೋ. ಇಂಡೋನೇಷ್ಯಾದ ಪಶ್ಚಿಮ ಪಪುವಾ ಭಾಗದ ಅಯಾಮಾರು ಸರೋವರದ ಸುತ್ತಮುತ್ತಲಿನ ಮೀನು, ಗಡಸು ನೀರನ್ನೇ ಇಷ್ಟಪಡುತ್ತೆ, ವಿಜ್ಞಾನಿಗಳು ಹೆಸರಿಟ್ಟಿದ್ದು 1980ರಲ್ಲಿ. ಮುಂದಿನರ್ಧ ನೀಲಿ, ಹಿಂದಿನರ್ಧ ಕಿತ್ತಳೆ, ಬೆಳಗ್ಗೆ ಲೈಟ್ ಬಂದ ಹೊತ್ತಲ್ಲಿ ಗಂಡುಗಳು ಹೆಣ್ಣಿನ ಮುಂದೆ ಪೈಪೋಟಿಗೆ ನಿಂತಾಗ ನೋಡ್ಬೇಕು. ಆದ್ರೆ ಮರಿಗಳು ಸಪ್ಪೆ ಬೂದು, ಪೂರ್ತಿ ಬಣ್ಣಕ್ಕೆ ಒಂದು ವರ್ಷದ ಹತ್ರ ಕಾಯ್ಬೇಕು, ಆರೇಳು ಮೀನಾದ್ರೂ ಇರ್ಬೇಕು. ಒಂಟಿ ಮೀನೇ ಸೆಂಟರ್‌ಪೀಸ್ ಆಗ್ಬೇಕು ಅಂತೇನಿಲ್ಲ, ಈ ಗುಂಪೇ ಟ್ಯಾಂಕ್ ತುಂಬುತ್ತೆ.

ನಮ್ಮ ಘಟ್ಟದ ಮೀನು ಬೇಕು ಅನ್ನೋರು ಮಿಸ್ ಕೇರಳ ಕೇಳ್ತಾರೆ. ಮೂಗಿಂದ ಕೆಂಪು ಗೆರೆ, ಬಾಲದಲ್ಲಿ ಹಳದಿ ಕಪ್ಪು ಮಚ್ಚೆ. ಕೊಡಗಿನ ಕಡೆಯಿಂದ ಕಾಸರಗೋಡಿಗೆ ಹರಿಯೋ ಚಂದ್ರಗಿರಿಯಿಂದ ಹಿಡಿದು ಕೇರಳದ ಹಲವು ಹೊಳೆಗಳ ಮೀನು ಇದು, ಅಳಿಯೋ ಜೀವಿಗಳ ಲೆಕ್ಕ ಇಡೋ ಜಾಗತಿಕ ಸಂಸ್ಥೆ ಐಯುಸಿಎನ್ ಪಟ್ಟಿಲಿ ಅಳಿವಿನಂಚಿನದ್ದು, ರಫ್ತಿಗೋಸ್ಕರ ಹೊಳೆಯಿಂದ ಹಿಡಿದಿದ್ದು ಅದಕ್ಕೊಂದು ದೊಡ್ಡ ಕಾರಣ. ಹೊಳೆಯಿಂದ ಹಿಡಿದ ಮೀನು ಅಂತ ಅನುಮಾನ ಬಂದ್ರೂ ಬಿಟ್ಬಿಡಿ. ಅದೂ ಅಲ್ದೆ ಅದು ಓಡೋ ನೀರಿನ ಮೀನು, ದಿನವಿಡೀ ಗುಂಪಾಗಿ ಈಜೋಕೆ ನಾಲ್ಕಡಿಗಿಂತ ಉದ್ದ ಬೇಕು, ತಣ್ಣಗಿರ್ಬೇಕು, ಆಕ್ಸಿಜನ್ ಜಾಸ್ತಿ ಇರ್ಬೇಕು, ನಿಂತ ನೀರಿನ ಗುರಾಮಿ ಟ್ಯಾಂಕಿಗೂ ಅದಕ್ಕೂ ತಾಳೆ ಆಗಲ್ಲ.

ಫ್ಲವರ್‌ಹಾರ್ನ್, ಗೋಲ್ಡ್‌ಫಿಶ್ ಎರಡೂ ಗಿಡದ ಟ್ಯಾಂಕಿಗೆ ಬರಲ್ಲ, ಒಂದು ಕಿತ್ತು ಹಾಕುತ್ತೆ ಇನ್ನೊಂದು ತಿಂದು ಹಾಕುತ್ತೆ. ಮತ್ತೆ ಗುಲಾಬಿ, ಹಸಿರು, ನೇರಳೆ ಬಣ್ಣ ಚುಚ್ಚಿದ ಗ್ಲಾಸ್‌ಫಿಶ್ಶು, ಬಣ್ಣದಲ್ಲಿ ಅದ್ದಿದ ವಿಡೋ ಟೆಟ್ರಾ, ಇವನ್ನ ದಯವಿಟ್ಟು ಕೊಳ್ಬೇಡಿ. ಆ ಬಣ್ಣ ಕ್ರಮೇಣ ಹೋಗುತ್ತೆ, ಚುಚ್ಚಿದ ಗಾಯದಿಂದ ಕಾಯಿಲೆ ಬರುತ್ತೆ, ನಾವು ಕೊಳ್ಳೋ ತನಕ ಅವ್ರು ಚುಚ್ತಾನೇ ಇರ್ತಾರೆ.

ನಮ್ಮಲ್ಲಿಗೆ ಬರೋ ಬಣ್ಣದ ಮೀನು ಬಹಳಷ್ಟು ಚೆನ್ನೈನ ಕೊಳತ್ತೂರು ಕಡೆಯಿಂದ ಕವರಲ್ಲಿ ಪ್ರಯಾಣ ಮಾಡಿ ಬಂದಿರುತ್ತೆ, ಬಂದ ದಿನಾನೇ ಎತ್ಕೊಂಡು ಬರ್ಬೇಡಿ. ಒಂದು ವಾರ ಅಂಗಡಿಲೇ ಇರ್ಲಿ. ಕೊಳ್ಳೋ ಮುಂಚೆ "ಅಣ್ಣಾ, ಒಂಚೂರು ಫೀಡ್ ಹಾಕಿ ತೋರ್ಸಿ" ಅಂತ ಕೇಳಿ, ಒಳ್ಳೇ ಅಂಗಡಿಯವ್ರು ಬೇಜಾರು ಮಾಡ್ಕೊಳ್ಳಲ್ಲ. ಮುಂದೆ ಬಂದು ತಿನ್ನೋ ಮೀನು, ರೆಕ್ಕೆ ಬಿಚ್ಚಿರೋ ಮೀನು, ಹೊಟ್ಟೆ ಒಳಗೆ ಹೋಗದಿರೋ ಮೀನು ಆರಿಸಿ. ಅದೇ ತೊಟ್ಟಿಲಿ ಒಂದು ಸತ್ತ ಮೀನು ಕಂಡ್ರೂ ಬೇರೆ ದಿನ ಹೋಗಿ. ಮನೇಲಿ ಎರಡು ಮೂರು ವಾರ ಬೇರೆ ಟಬ್ಬಲ್ಲೋ ಸಣ್ಣ ಟ್ಯಾಂಕಲ್ಲೋ ಇಟ್ಟು ನೋಡಿ, ಟ್ಯಾಂಕಿಗೆ ಬಿಡೋದು ಎಲ್ಲಾ ಸಣ್ಣ ಮೀನು ನೆಲೆ ನಿಂತ ಮೇಲೆ, ಕೊನೆಗೆ. ಬಿಟ್ಟ ದಿನ ಲೈಟ್ ಆರಿಸಿಡಿ, ಊಟ ಮಾರನೇ ದಿನದಿಂದ ಸಾಕು. ಫ್ಲೇಕ್ ಜೊತೆಗೆ ವಾರಕ್ಕೆರಡು ಸಲ ಫ್ರೋಜನ್ ಬ್ರೈನ್ ಶ್ರಿಂಪೋ ಡ್ಯಾಫ್ನಿಯಾನೋ ಕೊಡಿ, ಸ್ಪಿರುಲಿನಾ ಇರೋ ಫೀಡ್ ಒಂದಿಟ್ಕೊಳ್ಳಿ. ಮೊದಲ ವಾರ ಗಿಡದ ಹಿಂದೆ ಅಡಗಿದ್ರೆ ಬಿಟ್ಬಿಡಿ, ಗಾಜು ತಟ್ಟಿ ಕರೀಬೇಡಿ, ಗಿಡ ಸರಿಸಿ ಹುಡುಕ್ಬೇಡಿ.