ಮುಟ್ಟಿಗೆ ಮೊದಲು ಕಾಣುವ ಕಂದು ಕಲೆ

ಮಗುವಿಗಾಗಿ ಕಾಯುತ್ತಿರುವವರಿಗೆ ಮುಟ್ಟಿಗೆ ಎರಡು ದಿನ ಮೊದಲು ಕಾಣುವ ಕಂದು ಕಲೆ ಜೀವ ಹಿಂಡುತ್ತದೆ. ಮೊದಲು ಮುಟ್ಟಿನ ಚಕ್ರದ ಲೆಕ್ಕ ಸರಿಮಾಡಿಕೊಳ್ಳಿ. ಪ್ಯಾಡ್ ಬೇಕಾಗುವಷ್ಟು ಕೆಂಪು ಸ್ರಾವ ಶುರುವಾದದ್ದೇ ಮೊದಲ ದಿನ. ಕಲೆಯ ದಿನಗಳು ಹಿಂದಿನ ಚಕ್ರಕ್ಕೆ ಸೇರುತ್ತವೆ.

ಅಂಡ ಬಿಡುಗಡೆಯಾದ ಮೇಲೆ ಗರ್ಭಕೋಶದ ಒಳಪದರವನ್ನು ಹಿಡಿದಿಡುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಅದು ಇಳಿದಂತೆ ಪದರ ಅಲ್ಲಲ್ಲಿ ಕಳಚುತ್ತದೆ. ನಿಧಾನವಾಗಿ ಹೊರಬರುವ ರಕ್ತ ಕಂದಾಗುತ್ತದೆ. ಒಂದೆರಡು ದಿನವಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಪ್ರತಿ ತಿಂಗಳೂ ಮೂರು ದಿನ ಮೀರಿದರೆ, ಅಥವಾ ಅಂಡೋತ್ಪತ್ತಿಯಿಂದ ಮುಟ್ಟಿನವರೆಗೆ 10 ದಿನವೂ ಸಿಗದಿದ್ದರೆ ವೈದ್ಯರಿಗೆ ತೋರಿಸಿ.

ಪ್ರೊಜೆಸ್ಟರಾನ್ ರಕ್ತಪರೀಕ್ಷೆಯಲ್ಲಿ ಎಡವುವುದು ಹೆಚ್ಚು. ಅದನ್ನು ಮುಟ್ಟಿಗೆ ಸುಮಾರು 7 ದಿನ ಮೊದಲು ಮಾಡಿಸಬೇಕು: 28 ದಿನದ ಚಕ್ರಕ್ಕೆ 21ನೇ ದಿನ, 35 ದಿನದ ಚಕ್ರಕ್ಕೆ 28ನೇ ದಿನ. ಎಲ್ಲರಿಗೂ 21 ಎಂದು ಹಿಡಿದರೆ, ತಡವಾಗಿ ಅಂಡ ಬಿಡುಗಡೆಯಾಗುವವರಲ್ಲಿ ಮಟ್ಟ ಸುಳ್ಳೇ ಕಡಿಮೆ ಕಾಣುತ್ತದೆ. ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ನೋಡಿಸಿ. ಪಾಲಿಪ್ (ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟು) ಇದೆಯೇ ಎಂಬ ಸ್ಕ್ಯಾನ್ ಮುಟ್ಟು ನಿಂತ ಕೂಡಲೇ ಆದರೆ ಒಳ್ಳೆಯದು, ಆಗ ಪದರ ತೆಳುವಾಗಿರುತ್ತದೆ.

ಗರ್ಭ ನಾಟಿತೋ ಎಂದು ಬಣ್ಣ ನೋಡಿ ಹೇಳಲಾಗದು. ಮುಟ್ಟು ತಪ್ಪಿದ ದಿನ ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷಿಸಿ. ಯಾರೋ ಹೇಳಿದರೆಂದು ಪ್ರೊಜೆಸ್ಟರಾನ್ ಮಾತ್ರೆ ನುಂಗಬೇಡಿ, ದಯವಿಟ್ಟು. ಅಂಡೋತ್ಪತ್ತಿಗೆ ಮೊದಲೇ ಶುರುಮಾಡಿದರೆ ಮಾತ್ರೆ ಅಂಡೋತ್ಪತ್ತಿಯನ್ನೇ ತಡೆದುಬಿಡಬಹುದು.

ಪರೀಕ್ಷೆ ಪಾಸಿಟಿವ್ ಆಗಿ, ಕಲೆಯ ಜೊತೆ ಹೊಟ್ಟೆಯ ಒಂದು ಬದಿ ನೋವು, ತಲೆಸುತ್ತು ಅಥವಾ ಭುಜದ ತುದಿಯಲ್ಲಿ ನೋವು ಬಂದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.