ಎರಡನೇ ಭಾನುವಾರದ ಮೇಷ್ಟ್ರುಗಳು

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಪಾಠ ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಅವರು ಮಾಡಿದ ದೊಡ್ಡ ಉಪಕಾರ ಬೇರೆ. ನಮ್ಮನ್ನು ಲಾಲ್‌ಬಾಗಿಗೆ ಕಳಿಸಿದರು.

ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಏಳೂವರೆಗೆ ಗಾಜಿನ ಮನೆ ಹತ್ತಿರ ಹಕ್ಕಿ ನೋಡುವವರು ಸೇರುತ್ತಿದ್ದರು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ ಬಂದಿದ್ದ ಜೋಸೆಫ್ ಜಾರ್ಜ್ 1970ರ ದಶಕದ ಶುರುವಿನಲ್ಲಿ ಕಟ್ಟಿದ ಕ್ಲಬ್ ಅದು. ಫೀಸಿಲ್ಲ, ಅರ್ಜಿಯಿಲ್ಲ, ಯಾರು ಬೇಕಾದರೂ ಬರಬಹುದು. ಎಂ.ಬಿ. ಕೃಷ್ಣ, ಜೆ.ಎನ್. ಪ್ರಸಾದ್, ಎಸ್. ಸುಬ್ರಮಣ್ಯ ಅಂಥವರು ತಮ್ಮ ರಜೆಯ ಬೆಳಗುಗಳನ್ನು ವರ್ಷಗಟ್ಟಲೆ ಇದಕ್ಕೇ ಕೊಟ್ಟವರು. ಗೊತ್ತಿರುವುದನ್ನು ಬಚ್ಚಿಟ್ಟುಕೊಳ್ಳದ ಜನ. ಅಂಥವರು ಜಾಸ್ತಿ ಸಿಗುವುದಿಲ್ಲ, ಅಲ್ವಾ?

ಮೊದಲು ನನಗೆ ಹೆಸರುಗಳದ್ದೇ ಗೀಳು. ಅಲ್ಲಿದ್ದ ಹಿರಿಯರೊಬ್ಬರು, 'ಹೆಸರು ಆಮೇಲೆ, ಅದು ಏನು ಮಾಡ್ತಿದೆ ನೋಡಿ' ಎಂದು ತಮ್ಮ ಬೈನಾಕ್ಯುಲರನ್ನೇ ನನ್ನ ಕೊರಳಿಗೆ ಹಾಕಿದರು. ಮರವೊಂದರ ಒಣಕೊಂಬೆಯಲ್ಲಿ ಕಂಚುಗಾರ ಹಕ್ಕಿ ಕೂತಿತ್ತು. ಗುಬ್ಬಿಗಿಂತ ಸ್ವಲ್ಪ ದಪ್ಪ, ಹಸಿರು ಮೈ, ಕೆಂಪು ಹಣೆ. ಕೊಂಬೆಯ ಅಡಿಭಾಗಕ್ಕೆ ಜೋತುಬಿದ್ದು ಗೂಡು ಕೊರೆಯುತ್ತಿತ್ತು. ಅಡಿಗೆ ತೂತಿದ್ದರೆ ಮಳೆನೀರು ಒಳಗೆ ಇಳಿಯುವುದಿಲ್ಲ. ತಲೆ ಒಳಗೆ ತೂರಿಸುವುದು, ಕೊಕ್ಕಿನ ತುಂಬ ಮರದ ಪುಡಿ ಕಚ್ಚಿ ತರುವುದು, ಕತ್ತು ಕೊಡವಿ ಉದುರಿಸುವುದು, ಮತ್ತೆ ಒಳಗೆ. ಗುಂಪು ಮುಂದೆ ಹೋದರೂ ನಮ್ಮನ್ನು ಯಾರೂ ಅವಸರ ಮಾಡಲಿಲ್ಲ.

ಆ ಹಕ್ಕಿಗೆ ಗೂಡಿಗಾಗಿ ಸತ್ತ ಕೊಂಬೆ ಬೇಕು. ನಾವೋ ಒಣಗಿದ್ದು ಕಂಡರೆ ಮೊದಲು ಕಡಿಯುತ್ತೇವೆ. ಕುಟ್ರ ಎಂದು ಕರೆಯುವ ಕಂಚುಗಾರನ ಬಳಗದ ಹಕ್ಕಿಗಳು, ಮರಕುಟಿಗಗಳು ಕೊರೆದು ಬಿಟ್ಟ ತೂತುಗಳಲ್ಲಿ ಆಮೇಲೆ ಮೈನಾ, ಗಿಳಿ, ಹಾಲಕ್ಕಿ ಎಂಬ ಪುಟ್ಟ ಗೂಬೆ ಸಂಸಾರ ಹೂಡುತ್ತವೆ. ಒಂದು ಒಣಕೊಂಬೆ ಹೋದರೆ ಎಷ್ಟೋ ಬಾಡಿಗೆದಾರರು ಬೀದಿಗೆ ಬಿದ್ದ ಹಾಗೆ. ಇದನ್ನು ಕೇಳಿದ ಮೇಲೆ ನಮ್ಮ ಮೇಷ್ಟ್ರು ಪ್ರಿನ್ಸಿಪಾಲರ ಹತ್ತಿರ ಮಾತಾಡಿ, ಸೈಕಲ್ ಸ್ಟ್ಯಾಂಡ್ ಪಕ್ಕದ ಮರದ ಒಣಕೊಂಬೆಯನ್ನು ಉಳಿಸಿದರು. ಕೆಳಗೆ ಯಾರೂ ನಿಲ್ಲದಂತೆ ಹಗ್ಗ ಕಟ್ಟಿಸಿದರು.

ಲಾಲ್‌ಬಾಗಿನಲ್ಲಿ ಎಲ್ಲರ ಕೈಯಲ್ಲೂ ಒಂದು ಪುಟ್ಟ ನೋಟ್‌ಬುಕ್ ಇರುತ್ತಿತ್ತು. ಯಾವ ಹಕ್ಕಿ, ಎಷ್ಟು, ಎಲ್ಲಿ, ಏನು ಮಾಡುತ್ತಿತ್ತು. ಹಿಮಾಲಯದ ಕಡೆಯಿಂದ ಬೂದು ಸಿಪಿಲೆ ಎಂಬ ವಲಸೆ ಹಕ್ಕಿ ಸೆಪ್ಟೆಂಬರಿನಲ್ಲಿ ಬಂದಿಳಿದರೆ ಆ ತಾರೀಖೂ ದಾಖಲು. ಸುಮ್ನೆ ಖುಷಿಗೆ ಬರೆದದ್ದು ಎಂದುಕೊಂಡಿದ್ದೆ. ಕ್ಲಬ್ಬಿನವರು 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿಯನ್ನು ಅಚ್ಚು ಹಾಕಿಸಿದರು. ಹವ್ಯಾಸಿಗಳು ಕಂಡು ಬರೆದಿಟ್ಟದ್ದಕ್ಕೆ ಎಷ್ಟು ಬೆಲೆಯಿದೆ ಎಂದು ಅದನ್ನು ನೋಡಿದಾಗ ಗೊತ್ತಾಯಿತು.

ಮೇಷ್ಟ್ರು ಅದೇ ಅಭ್ಯಾಸವನ್ನು ಕಾಲೇಜಿಗೂ ತಂದರು. ಪ್ರಯೋಗಾಲಯದಲ್ಲಿ ಉದ್ದನೆಯ ಲೆಡ್ಜರ್ ಇಟ್ಟರು. ಕಾಂಪೌಂಡಿನಲ್ಲಿ ಕಂಡದ್ದನ್ನು ಸೋಮವಾರ ನಾವು ಅದರಲ್ಲಿ ಬರೆಯಬೇಕಿತ್ತು. ಕ್ಯಾಂಟೀನಿನ ಹೆಂಚಿನ ಸಂದಿನಲ್ಲಿ ಆಗ ಗುಬ್ಬಿಗಳು ದಂಡಿಯಾಗಿದ್ದವು. ಅವನ್ನೂ ಎಣಿಸಿ ಬರೆದಿದ್ದೇವೆ.

ಈಗಿನ ವಿದ್ಯಾರ್ಥಿಗಳಲ್ಲಿ ಒಂದು ಮನವಿ. ಆ ಲೆಡ್ಜರ್ ಇನ್ನೂ ವಿಭಾಗದ ಬೀರುವಿನಲ್ಲಿದ್ದರೆ ತೂಕಕ್ಕೆ ಹಾಕಬೇಡಿ. ನಮ್ಮ ಕಾಲೇಜಿನಲ್ಲಿ ಎಷ್ಟು ಗುಬ್ಬಿಗಳಿದ್ದವು ಎನ್ನುವುದನ್ನು ಬೇರೆಲ್ಲೂ ಯಾರೂ ಬರೆದಿಟ್ಟಿಲ್ಲ. ಕೊನೆಯ ಹಾಳೆಗಳು ಖಾಲಿ ಉಳಿದಿದ್ದರೆ ಈ ಸೋಮವಾರದಿಂದಲೇ ಮುಂದುವರಿಸಿ.